ದಮ್ಮಿಗೆ ಮೈದಾನ ಸುತ್ತಿದರೆ ಸಾಲದು

2017ರ ಜುಲೈ ಕೊನೆಯಲ್ಲಿ ಬೆಂಗಳೂರಿನಲ್ಲಿ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್ ನಡೆಯಿತು. ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಮಣಿಸಿತು. ‘ಎ’ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74–73ರಿಂದ ಸೋಲಿಸಿತು. ನಮ್ಮವರ ಗೆಲುವಿಗೆ ಸಂಭ್ರಮ ಪಟ್ಟದ್ದು ಸರಿಯೇ. ಆದರೆ ನಮ್ಮ ತರಬೇತುದಾರರಿಗೆ ಕಲಿಯಲು ಹೆಚ್ಚು ಸರಕು ಇದ್ದದ್ದು ಎರಡನೆಯ ಪಂದ್ಯದಲ್ಲಿ. ಜಪಾನಿನ ಹುಡುಗಿಯರು ಎತ್ತರದಲ್ಲಿ ಆಸ್ಟ್ರೇಲಿಯಾದವರಿಗೆ ಸಾಟಿಯಾಗಿರಲಿಲ್ಲ. ಅವರು ನಂಬಿಕೊಂಡಿದ್ದದ್ದು ವೇಗವನ್ನು, ದೂರದ ಹೊಡೆತವನ್ನು ಮತ್ತು ಕೊನೆಯ ಕ್ವಾರ್ಟರ್‌ನಲ್ಲೂ ಮೊದಲ ಕ್ವಾರ್ಟರ್‌ನಂತೆಯೇ ಓಡಬಲ್ಲ ಕಾಲುಗಳನ್ನು. ಅದೇ ಆಟ ಅವರಿಗೆ 2013ರಿಂದ 2021ರವರೆಗೆ ಸತತ ಐದು ಏಷ್ಯಾ ಕಪ್ ತಂದುಕೊಟ್ಟಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ ಕೊಡಿಸಿತು. ಭಾರತದ ಬ್ಯಾಸ್ಕೆಟ್‌ಬಾಲ್ ಬಗ್ಗೆ ಮಾತು ಬಂದಾಗಲೆಲ್ಲ ನಾವು ಎತ್ತರದ ಕೊರತೆಯನ್ನೇ ಹೇಳಿಕೊಂಡು ಸುಮ್ಮನಾಗುತ್ತೇವೆ. ಎತ್ತರವನ್ನು ಯಾವ ಮೇಷ್ಟ್ರೂ ಕಲಿಸಲಾರರು. ದಮ್ಮನ್ನು ಕಲಿಸಬಹುದು, ಬೆಳೆಸಬಹುದು, ಅಳೆಯಲೂಬಹುದು. ನಮ್ಮ ಬಹುಪಾಲು ಶಾಲೆ, ಕಾಲೇಜು, ಕ್ಲಬ್‌ಗಳಲ್ಲಿ ಅದನ್ನು ಬೆಳೆಸುತ್ತಿರುವ ಕ್ರಮವೇ ತಪ್ಪು ಎಂಬುದು ನನ್ನ ತಕರಾರು.

ಆ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದು. ಬೆಳಿಗ್ಗೆ ಮಕ್ಕಳು ಬಂದ ಕೂಡಲೇ ‘ಗ್ರೌಂಡ್ ಹತ್ತು ರೌಂಡ್ ಹೊಡೀರಿ’ ಎಂಬ ಆಜ್ಞೆ. ಹತ್ತು ರೌಂಡ್ ಒಂದೇ ಗತಿಯಲ್ಲಿ, ಮುಂದಿನವರ ಬೆನ್ನು ನೋಡುತ್ತ ಮುಗಿಯುತ್ತದೆ. ಆಮೇಲೆ ಲೇಅಪ್ ಸಾಲು. ಒಬ್ಬರು ಹೊಡೆಯುವಾಗ ಹದಿನೈದು ಮಂದಿ ಕೈಕಟ್ಟಿ ನಿಂತಿರುತ್ತಾರೆ. ಕೊನೆಗೆ ಕಾಲು ಗಂಟೆ ಆಟ. ತಂಡ ಪಂದ್ಯದಲ್ಲಿ ಮೂರನೇ ಕ್ವಾರ್ಟರ್‌ಗೆ ಸೋತುಹೋದರೆ ಮರುದಿನ ಹದಿನೈದು ರೌಂಡ್. ಸೋಲಿನ ಕಾರಣ ದಮ್ಮಿಲ್ಲದ್ದು ಎಂಬ ಅಂದಾಜು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ, ಮದ್ದು ಮಾತ್ರ ಬೇರೆ ಕಾಯಿಲೆಯದ್ದು.

ಫುಲ್ ಕೋರ್ಟ್ ಆಟ ದೇಹದಿಂದ ಏನನ್ನು ಕೇಳುತ್ತದೆ ಎಂದು ಮೊದಲು ನೋಡೋಣ. ಅಂತರರಾಷ್ಟ್ರೀಯ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಆಟ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಕೈಗೆ ಬಂದ ತಂಡ ಎಂಟು ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಬೇಕು, ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಗುರಿಯಿಡಬೇಕು. 2000ಕ್ಕೆ ಮುಂಚೆ ಈ ಗಡುವು ಹತ್ತು ಮತ್ತು ಮೂವತ್ತು ಸೆಕೆಂಡಿನದಾಗಿತ್ತು. ಅಂದರೆ ಇವತ್ತು ತರಬೇತಿ ಕೊಡುತ್ತಿರುವ ಹಿರಿಯರಲ್ಲಿ ಹಲವರು ಆಡಿ ಬೆಳೆದ ಆಟಕ್ಕಿಂತ ಇಂದಿನ ಆಟ ಚುರುಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಲೀಗಿನ ಎಂಟು ಆಟಗಾರರನ್ನು ಪಂದ್ಯದ ಉದ್ದಕ್ಕೂ ಚಿತ್ರೀಕರಿಸಿ, ಎದೆಬಡಿತ ಅಳೆದು ಮೆಕಿನ್ನೆಸ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಸರಾಸರಿ 997 ಸಲ ಚಲನೆಯ ಬಗೆ ಬದಲಿಸಿದ್ದ: ನಡಿಗೆಯಿಂದ ಓಟಕ್ಕೆ, ಓಟದಿಂದ ಜಿಗಿತಕ್ಕೆ, ಜಿಗಿತದಿಂದ ಅಡ್ಡ ಸರಿಯುವುದಕ್ಕೆ. ಲೆಕ್ಕ ಹಾಕಿದರೆ ಪ್ರತಿ ಎರಡು ಸೆಕೆಂಡಿಗೊಂದು ಬದಲಾವಣೆ. ಜೋರು ಓಟ 105 ಸಲ, ಚೆಂಡು ಆಟದಲ್ಲಿರುವ ಸಮಯದಲ್ಲಿ ಸುಮಾರು ಇಪ್ಪತ್ತೊಂದು ಸೆಕೆಂಡಿಗೊಮ್ಮೆ. ಒಂದೊಂದು ಓಟವೂ ಎರಡು ಸೆಕೆಂಡಿಗಿಂತ ಕಡಿಮೆಯದು. ಆದರೂ ಆ ಸಮಯದ ಮುಕ್ಕಾಲು ಪಾಲು ಎದೆಬಡಿತ ಅವರ ಗರಿಷ್ಠದ ಶೇ 85ಕ್ಕಿಂತ ಮೇಲೆಯೇ ಇತ್ತು. ಇಡೀ ಪಂದ್ಯದಲ್ಲಿ ಯಾರೊಬ್ಬರೂ ಒಂದೇ ಗತಿಯಲ್ಲಿ ನಾಲ್ಕುನೂರು ಮೀಟರ್ ಓಡುವುದಿಲ್ಲ. ನೇರ ಓಟಕ್ಕೆ ಅಂಕಣದಲ್ಲಿ ಇಪ್ಪತ್ತೆಂಟು ಮೀಟರ್‌ಗಿಂತ ಹೆಚ್ಚು ಜಾಗವೇ ಇಲ್ಲ.

ಒಂದು ಜೋರು ಓಟಕ್ಕೋ ಜಿಗಿತಕ್ಕೋ ಬೇಕಾದ ಶಕ್ತಿಯ ದೊಡ್ಡ ಪಾಲನ್ನು ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟಿರುವ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಕೊಡುತ್ತದೆ. ಅದು ಕೆಲವೇ ಸೆಕೆಂಡಿನಲ್ಲಿ ಕರಗುತ್ತದೆ. ಪೂರ್ತಿ ತುಂಬಿಕೊಳ್ಳಲು ಹಲವು ನಿಮಿಷ ಬೇಕು. ಹೀಗೆ ತುಂಬಿಕೊಳ್ಳುವ ಕೆಲಸ ನಡೆಯುವುದು ಉಸಿರಿನಿಂದ ಬಂದ ಆಮ್ಲಜನಕದ ಬಲದಿಂದ. ಆದ್ದರಿಂದ ಬ್ಯಾಸ್ಕೆಟ್‌ಬಾಲ್ ಆಟಗಾರನ ದಮ್ಮು ಎಂದರೆ ಎಷ್ಟು ದೂರ ಓಡಬಲ್ಲ ಎಂಬುದಲ್ಲ, ಒಂದು ಓಟ ಮುಗಿದ ಮೇಲೆ ಎಷ್ಟು ಬೇಗ ಇನ್ನೊಂದಕ್ಕೆ ಸಿದ್ಧನಾಗುತ್ತಾನೆ ಎಂಬುದು. ಎದುರಾಳಿ ಫ್ರೀ ಥ್ರೋ ಹೊಡೆಯುವ ಆ ಹತ್ತು-ಹದಿನೈದು ಸೆಕೆಂಡಿನಲ್ಲಿ ಅವನ ಎದೆಯುಸಿರು ಎಷ್ಟು ಇಳಿಯಿತು ಎಂಬುದರ ಮೇಲೆ ಮುಂದಿನ ಡಿಫೆನ್ಸ್ ನಿಂತಿದೆ. ಇಲ್ಲಿ ಒಂದು ಮಾತು ಒಪ್ಪಲೇಬೇಕು. ಆ ಚೇತರಿಕೆಗೆ ಆಮ್ಲಜನಕವನ್ನು ಚೆನ್ನಾಗಿ ಬಳಸುವ ಹೃದಯ ಮತ್ತು ರಕ್ತನಾಳಗಳು ಬೇಕು, ಹಾಗಾಗಿ ‘ಓಟ ಬೇಕು’ ಎನ್ನುವ ಮೇಷ್ಟ್ರು ಅರ್ಧ ಸರಿ. ಬ್ಯಾಸ್ಕೆಟ್‌ಬಾಲ್ ಬರೀ ಸ್ಪ್ರಿಂಟಿನ ಆಟ, ಆದ್ದರಿಂದ ಉಸಿರಿನ ತರಬೇತಿ ದಂಡ ಎನ್ನುವ ಹೊಸ ಫ್ಯಾಷನ್ನಿನ ಜಿಮ್ ಪಂಡಿತರೂ ಅರ್ಧವೇ ಸರಿ. ಉಳಿಯುವ ಪ್ರಶ್ನೆ, ಆ ಹೃದಯವನ್ನು ಬಲಪಡಿಸುವ ಒಳ್ಳೆಯ ದಾರಿ ಯಾವುದು?

ಇದಕ್ಕೆ ನಾರ್ವೆಯಿಂದ ಸಾಕಷ್ಟು ಸ್ಪಷ್ಟವಾದ ಉತ್ತರ ಬಂದಿದೆ. ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು 2007ರಲ್ಲಿ ನಲವತ್ತು ಮಂದಿ ಯುವಕರನ್ನು ನಾಲ್ಕು ಗುಂಪು ಮಾಡಿ ಎಂಟು ವಾರ, ವಾರಕ್ಕೆ ಮೂರು ದಿನ ಓಡಿಸಿದರು. ಒಂದು ಗುಂಪು ನಿಧಾನವಾಗಿ ಮುಕ್ಕಾಲು ಗಂಟೆ, ಇನ್ನೊಂದು ತುಸು ಜೋರಾಗಿ ಕಡಿಮೆ ಹೊತ್ತು. ಮೂರನೆಯದು ಹದಿನೈದು ಸೆಕೆಂಡ್ ಜೋರು, ಹದಿನೈದು ಸೆಕೆಂಡ್ ಹಗುರ. ನಾಲ್ಕನೆಯದು ನಾಲ್ಕು ನಿಮಿಷದ ಕಠಿಣ ಓಟ, ನಡುವೆ ಮೂರು ನಿಮಿಷದ ಹಗುರ ಓಟ, ಹೀಗೆ ನಾಲ್ಕು ಸಲ. ದೇಹ ಮಾಡಿದ ಒಟ್ಟು ಕೆಲಸ ನಾಲ್ಕೂ ಗುಂಪಿನಲ್ಲಿ ಒಂದೇ ಆಗುವಂತೆ ನೋಡಿಕೊಂಡಿದ್ದರು. ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕೊನೆಯ ಎರಡು ಗುಂಪಿನಲ್ಲಿ ಶೇ 5.5 ಮತ್ತು ಶೇ 7.2ರಷ್ಟು ಏರಿತು, ಒಂದೇ ಗತಿಯಲ್ಲಿ ಓಡಿದ ಮೊದಲ ಎರಡು ಗುಂಪಿನಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ‘ಇದು ಪ್ರಯೋಗಾಲಯದ ಮಾತು, ಪಂದ್ಯದಲ್ಲಿ ಏನಾಗುತ್ತದೆ’ ಎಂದು ಕೇಳಬಹುದು. ಅದೇ ಹೆಲ್ಗೆರುಡ್ 2001ರಲ್ಲಿ ಕಿರಿಯ ಫುಟ್‌ಬಾಲ್ ಆಟಗಾರರಿಗೆ ಈ ನಾಲ್ಕು-ನಾಲ್ಕರ ತರಬೇತಿಯನ್ನು ವಾರಕ್ಕೆರಡು ಸಲ, ಎಂಟು ವಾರ ಕೊಟ್ಟಿದ್ದರು. ಆಮೇಲಿನ ಪಂದ್ಯದಲ್ಲಿ ಅವರು ಓಡಿದ ದೂರ ಶೇ 20ರಷ್ಟು ಹೆಚ್ಚಿತು, ಸ್ಪ್ರಿಂಟ್‌ಗಳ ಸಂಖ್ಯೆ ಇಮ್ಮಡಿಯಾಯಿತು. ಫುಟ್‌ಬಾಲ್ ಬೇರೆ ಆಟ, ಅಧ್ಯಯನದ ಗುಂಪು ಸಣ್ಣದು, ನಿಜ. ಆದರೆ ನಿಲ್ಲುವ, ಓಡುವ, ಮತ್ತೆ ನಿಲ್ಲುವ ಆಟ ಎಂಬ ವಿಷಯದಲ್ಲಿ ಎರಡೂ ಒಂದೇ ಜಾತಿ. ಬ್ಯಾಸ್ಕೆಟ್‌ಬಾಲ್‌ನ ಅಂಕಣ ಚಿಕ್ಕದಾದ್ದರಿಂದ ನಿಲ್ಲುವುದು ತಿರುಗುವುದು ಇನ್ನೂ ಹೆಚ್ಚು.

ಇದನ್ನು ಅಂಕಣಕ್ಕೆ ತರುವುದಕ್ಕೆ ಟ್ರೆಡ್‌ಮಿಲ್ ಬೇಡ. ಉದ್ದಕ್ಕೂ ಇಬ್ಬರ ಮೇಲೆ ಇಬ್ಬರು, ಮೂವರ ಮೇಲೆ ಮೂವರು, ಚೆಂಡು ಹೊರಗೆ ಹೋದರೆ ಮೇಷ್ಟ್ರು ತಕ್ಷಣ ಇನ್ನೊಂದು ಚೆಂಡು ಎಸೆಯುವುದು, ಬುಟ್ಟಿ ಬಿದ್ದರೂ ನಿಲ್ಲದಿರುವುದು, ಹೀಗೆ ನಾಲ್ಕು ನಿಮಿಷ. ಆಮೇಲೆ ಮೂರು ನಿಮಿಷ ನಡೆದಾಡುತ್ತ ಫ್ರೀ ಥ್ರೋ. ದಣಿದ ಕೈಯಲ್ಲಿ ಗುರಿಯಿಡುವ ಅಭ್ಯಾಸ ಇದರ ಜೊತೆಗೆ ಬಿಟ್ಟಿಯಾಗಿ ಸಿಗುತ್ತದೆ. ಅಂಕಣದಲ್ಲಿ ಆಟಗಾರರು ಕಡಿಮೆಯಾದಷ್ಟೂ ಒಬ್ಬೊಬ್ಬರ ಎದೆಬಡಿತ ಏರುತ್ತದೆ ಎಂಬುದು ಬ್ಯಾಸ್ಕೆಟ್‌ಬಾಲ್‌ನಲ್ಲೇ ಅಳೆದು ಕಂಡ ಸಂಗತಿ. ಐವರ ಆಟದಲ್ಲಿ ಮೂಲೆಯಲ್ಲಿ ನಿಂತು ಕೈಯೆತ್ತಿ ಚೆಂಡು ಕೇಳುವವನಿಗೆ ಇಬ್ಬರ ಆಟದಲ್ಲಿ ಅಡಗಲು ಮೂಲೆಯೇ ಇಲ್ಲ. ಚೆಂಡಿಲ್ಲದ ಓಟ ಬೇಕೆನ್ನುವವರಿಗೆ ಹಳೆಯ ಲೈನ್ ಡ್ರಿಲ್ ಇದ್ದೇ ಇದೆ: ಬುಟ್ಟಿಯ ಕೆಳಗಿನ ಗೆರೆಯಿಂದ ಹತ್ತಿರದ ಫ್ರೀ ಥ್ರೋ ಗೆರೆ, ನಡುಗೆರೆ, ಆಚೆಯ ಫ್ರೀ ಥ್ರೋ ಗೆರೆ, ಕೊನೆಯ ಗೆರೆ, ಪ್ರತಿ ಸಲವೂ ಮುಟ್ಟಿ ವಾಪಸು. ಒಟ್ಟು ಸುಮಾರು 140 ಮೀಟರ್, ಏಳು ತಿರುವು. ಅರ್ಧ ನಿಮಿಷದ ಈ ಕೆಲಸಕ್ಕೆ ಎಷ್ಟು ಹೊತ್ತು ವಿರಾಮ ಎಂಬುದರ ಮೇಲೆ ಅದರ ಗುಣವೇ ಬದಲಾಗುತ್ತದೆ. ವಿರಾಮವೇ ಇಲ್ಲದೆ ಹತ್ತು ಸಲ ಓಡಿಸಿದರೆ ಮೂರನೆಯ ಸಲದಿಂದಲೇ ವೇಗ ಕುಸಿದು, ಉಳಿದದ್ದು ಬರೀ ಕಾಲೆಳೆಯುವ ಓಟ. ನಿಧಾನವಾಗಿ ಓಡುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ವಿಧಾನ ಸಿಗಲಾರದು. ನಮ್ಮ ತರಬೇತಿಯಲ್ಲಿ ಅಳತೆಯಿಲ್ಲದೆ ನಡೆಯುವುದು ಓಟಕ್ಕಿಂತ ಹೆಚ್ಚಾಗಿ ಈ ವಿರಾಮವೇ. ಗಡಿಯಾರ ಹಿಡಿದು ವಿರಾಮ ಕೊಡುವುದೆಂದರೆ ಮಕ್ಕಳನ್ನು ಮುದ್ದು ಮಾಡಿದಂತೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ.

‘ನಾವು ರೌಂಡ್ ಹೊಡೆದೇ ರಾಜ್ಯ ತಂಡಕ್ಕೆ ಆಡಿದ್ದು’ ಎನ್ನುವ ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರ ಅನುಭವ ಸುಳ್ಳಲ್ಲ. ಏನೂ ಮಾಡದವರಿಗೆ ಯಾವ ಓಟವೂ ಲಾಭವೇ. ಮೊದಲ ಕೆಲವು ತಿಂಗಳು ಮೈದಾನ ಸುತ್ತಿದರೂ ದಮ್ಮು ಏರುತ್ತದೆ. ಆದರೆ ರೌಂಡ್ ಹೊಡೆದು ಆಟಗಾರರಾದವರು ಮಾತಾಡಲು ನಮ್ಮ ಮುಂದಿದ್ದಾರೆ, ಬೇಸತ್ತು ಎರಡೇ ವಾರಕ್ಕೆ ಆಟ ಬಿಟ್ಟವರು ಇಲ್ಲ. ಜೊತೆಗೆ ಆ ಹಿರಿಯರು ಸಂಜೆ ಕತ್ತಲಾಗುವವರೆಗೆ ಫುಲ್ ಕೋರ್ಟ್ ಆಡುತ್ತಿದ್ದರು ಎಂಬುದನ್ನೂ ಮರೆಯಬಾರದು. ಅವರ ದಮ್ಮಿನಲ್ಲಿ ಎಷ್ಟು ಪಾಲು ಬೆಳಗಿನ ರೌಂಡ್‌ನದು, ಎಷ್ಟು ಸಂಜೆಯ ಆಟದ್ದು ಎಂದು ಯಾರೂ ಬಿಡಿಸಿ ನೋಡಿಲ್ಲ. ಉದ್ದ ಓಟಕ್ಕೆ ಅದರದೇ ಜಾಗವಿದೆ. ಟೂರ್ನಿಗಳಿಲ್ಲದ ತಿಂಗಳುಗಳಲ್ಲಿ, ರಜೆ ಮುಗಿಸಿ ಬಂದ ಮಕ್ಕಳಿಗೆ, ಮಾತಾಡುತ್ತ ಓಡಬಹುದಾದ ಗತಿಯಲ್ಲಿ ಅರ್ಧ ಗಂಟೆಯ ಓಟ ಒಳ್ಳೆಯ ಬುನಾದಿ. ಟೂರ್ನಿಗೆ ಹತ್ತು ದಿನ ಇರುವಾಗ, ವಾರದಲ್ಲಿ ಸಿಗುವ ಐದಾರು ಗಂಟೆಯಲ್ಲಿ ಎರಡು ಗಂಟೆಯನ್ನು ಅದಕ್ಕೇ ಸುರಿಯುವುದು ಮಾತ್ರ ದುಂದು.

ಇದಕ್ಕೆ ತದ್ವಿರುದ್ಧವಾದ ಆಕ್ಷೇಪವೂ ಇದೆ: ತರಬೇತಿಯ ಗೊಡವೆಯೇ ಬೇಡ, ಆಡುತ್ತ ಹೋದರೆ ದಮ್ಮು ತಾನಾಗಿ ಬರುತ್ತದೆ. ಫುಲ್ ಕೋರ್ಟ್ ಆಡಲು ಜಾಗ, ಜನ ಎರಡೂ ಇದ್ದರೆ ಈ ಮಾತಿನಲ್ಲಿ ಹುರುಳಿದೆ. ನಗರಗಳಲ್ಲಿ ಈಗ ಹೆಚ್ಚು ನಡೆಯುವುದು ಹಾಫ್ ಕೋರ್ಟ್ ಆಟ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಬುಟ್ಟಿ, ಪಾರ್ಕಿನಲ್ಲಿ ಒಂದೇ ಬುಟ್ಟಿ, ಎರಡಿದ್ದ ಕಡೆ ಎರಡು ಬೇರೆ ಗುಂಪು. ಹಾಫ್ ಕೋರ್ಟಿನಲ್ಲಿ ಕೈಚಳಕ ಬೆಳೆಯುತ್ತದೆ, ಮೈಗೆ ಮೈ ತಾಗಿಸಿ ಆಡುವ ಧೈರ್ಯ ಬರುತ್ತದೆ. ಒಲಿಂಪಿಕ್ಸ್‌ಗೂ ಹೋಗಿರುವ ಮೂವರ ಆಟದಲ್ಲಿ ಹನ್ನೆರಡು ಸೆಕೆಂಡಿನ ಗಡುವು, ಹತ್ತು ನಿಮಿಷದ ಪಂದ್ಯ; ಅದರ ದಣಿವು ಕಮ್ಮಿಯದಲ್ಲ. ಆದರೆ ರೀಬೌಂಡ್ ಎದುರಾಳಿಗೆ ಹೋದ ಕ್ಷಣ ತಿರುಗಿ, ಇಪ್ಪತ್ತೆಂಟು ಮೀಟರ್ ಓಡಿ, ಫಾಸ್ಟ್ ಬ್ರೇಕ್ ತಡೆದು, ಮತ್ತೆ ಆ ತುದಿಗೆ ಹೋಗುವ ಕೆಲಸ ಅಲ್ಲಿಲ್ಲ. ಫುಲ್ ಕೋರ್ಟ್ ಆಟಗಾರರ ಉಸಿರು ಬಿಡಿಸುವುದು ಮುಖ್ಯವಾಗಿ ಆ ಮರಳಿ ಓಡುವಿಕೆಯೇ. ವರ್ಷವಿಡೀ ಒಂದು ಬುಟ್ಟಿಯ ಕೆಳಗೆ ಆಡಿ, ಟೂರ್ನಿಯ ದಿನ ಎರಡು ಬುಟ್ಟಿಯ ನಡುವೆ ಓಡುವ ತಂಡ ಎರಡನೇ ಕ್ವಾರ್ಟರ್‌ಗೇ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರಿ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ಇಷ್ಟನ್ನೂ ಓದಿ ನಕ್ಕುಬಿಡಬಹುದು. ಐವತ್ತು ಮಕ್ಕಳು, ಒಂದು ಸಿಮೆಂಟ್ ಅಂಕಣ, ಎರಡು ಚೆಂಡು, ಮುಕ್ಕಾಲು ಗಂಟೆಯ ಪೀರಿಯಡ್. ಇದರಲ್ಲಿ ಎಲ್ಲರನ್ನೂ ಒಟ್ಟಿಗೆ ಓಡಿಸುವುದಕ್ಕಿಂತ ಸುಲಭದ ದಾರಿ ಯಾವುದು? ಅವರ ಕಷ್ಟ ನಿಜ. ಆದರೆ ಲೆಕ್ಕ ಅವರ ಪರವಾಗಿಯೇ ಇದೆ. ಬಿಟ್ಟು ಬಿಟ್ಟು ಓಡಿಸುವ ತರಬೇತಿಗೆ ಜನ ಹೆಚ್ಚಿದ್ದಷ್ಟೂ ಅನುಕೂಲ, ಏಕೆಂದರೆ ಸರದಿಯೇ ವಿರಾಮವಾಗುತ್ತದೆ. ಐವತ್ತು ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪು ಅರ್ಧ ನಿಮಿಷ ಅಂಕಣದ ಅಡ್ಡಕ್ಕೆ ಗೆರೆಯಿಂದ ಗೆರೆಗೆ ಓಡಿದರೆ ಉಳಿದೆರಡಕ್ಕೆ ತಾನಾಗಿ ಒಂದಕ್ಕೆರಡರ ವಿರಾಮ. ಹದಿನೈದು ನಿಮಿಷದಲ್ಲಿ ಪ್ರತಿ ಮಗುವಿಗೂ ಹತ್ತು ಸರದಿ. ಉಳಿದ ಅರ್ಧ ಗಂಟೆ ಚೆಂಡಿಗೆ. ಪ್ರಗತಿ ಅಳೆಯಲು ಕ್ರಿಕೆಟ್ ಪ್ರೇಮಿಗಳೆಲ್ಲ ಹೆಸರು ಕೇಳಿರುವ ಯೋ-ಯೋ ಪರೀಕ್ಷೆ ಸಾಕು. ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೊ ರೂಪಿಸಿದ ಈ ಪರೀಕ್ಷೆಯಲ್ಲಿ ಇಪ್ಪತ್ತು ಮೀಟರ್ ಹೋಗಿ ಬಂದು ಹತ್ತು ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಓಡಬೇಕು. ವೇಗ ಏರುತ್ತ ಹೋಗುತ್ತದೆ. ಬೇಕಾದದ್ದು ಮೊಬೈಲಿನಿಂದ ಬರುವ ಬೀಪ್ ಸದ್ದು ಮತ್ತು ನಾಲ್ಕು ಗುರುತು. ಇಪ್ಪತ್ತೆಂಟು ಮೀಟರಿನ ಅಂಕಣದೊಳಗೆ ಆರಾಮವಾಗಿ ಹಿಡಿಯುತ್ತದೆ. ಕ್ರಿಕೆಟ್ ಮಂಡಳಿ ಮಾಡಿದ ಹಾಗೆ ಒಂದು ಅಂಕ ನಿಗದಿ ಮಾಡಿ ಅದಕ್ಕಿಂತ ಕೆಳಗಿನವರನ್ನು ಹೊರಗಿಡುವ ಚಪಲ ಮಾತ್ರ ಶಾಲೆಗಳಿಗೆ ಬೇಡ. ಜೂನಿನ ಹುಡುಗಿಯನ್ನು ಹೋಲಿಸಬೇಕಾದದ್ದು ಸೆಪ್ಟೆಂಬರಿನ ಅದೇ ಹುಡುಗಿಯೊಂದಿಗೆ.

ಇಂಥ ಕಠಿಣ ಓಟ ಮೊಣಕಾಲಿಗೆ ಅಪಾಯವಲ್ಲವೇ ಎಂಬ ಆತಂಕಕ್ಕೆ ಆಧಾರವಿದೆ. ಸಿಮೆಂಟ್ ನೆಲದಲ್ಲಿ ತಟ್ಟನೆ ನಿಂತು ತಿರುಗುವುದು ಕಾಲಿಗೆ ಭಾರವೇ. ಅದಕ್ಕಾಗಿಯೇ ಇದನ್ನು ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ ಮಾಡಬೇಕು, ಮೊದಲ ವಾರಗಳಲ್ಲಿ ಅರ್ಧದಷ್ಟೇ ಸಾಕು. ನಲವತ್ತು ದಾಟಿ ಭಾನುವಾರ ಮಾತ್ರ ಅಂಕಣಕ್ಕಿಳಿಯುವವರು, ಅದರಲ್ಲೂ ಬಿಪಿ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಾಣದೆ ಇದಕ್ಕೆ ಕೈಹಾಕಲೇಬಾರದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ಮಂಗಳೂರಿನ ಸೆಖೆಯಲ್ಲಿ ಹೊತ್ತು ನೋಡಿ ಓಡಿಸಬೇಕು, ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಕೈಬಿಡಬೇಕು. ನಿದ್ದೆಯ ವಿಷಯದಲ್ಲಂತೂ ನಾವು ಮಕ್ಕಳಿಗೆ ಮಾಡುತ್ತಿರುವುದು ಅನ್ಯಾಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚೆರಿ ಮಾ ಮತ್ತು ಸಂಗಡಿಗರು ಹನ್ನೊಂದು ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಸ್ಪ್ರಿಂಟ್ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಫ್ರೀ ಥ್ರೋ ಶೇ 9ರಷ್ಟು ಸುಧಾರಿಸಿತು. ಹೋಲಿಕೆಗೆ ಬೇರೆ ಗುಂಪು ಇಲ್ಲದ ಸಣ್ಣ ಅಧ್ಯಯನವದು, ಅಂಕಿಗಳನ್ನು ತುಸು ಕಡಿಮೆ ಮಾಡಿಯೇ ಓದೋಣ. ಆದರೂ ರಾತ್ರಿ ಹತ್ತಕ್ಕೆ ಟ್ಯೂಷನ್ ಮುಗಿಸಿ ಬಂದ ಹುಡುಗನನ್ನು ಬೆಳಿಗ್ಗೆ ಐದೂವರೆಗೆ ಅಂಕಣಕ್ಕೆ ಕರೆದು ‘ನಿನಗೆ ದಮ್ಮಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ.

ಓಟವನ್ನು ಶಿಕ್ಷೆಯಾಗಿ ಬಳಸುವ ಅಭ್ಯಾಸ ಹೋಗುವವರೆಗೆ ಈ ಯಾವ ಮಾತೂ ನಾಟುವುದಿಲ್ಲ. ತಡವಾಗಿ ಬಂದರೆ ಐದು ರೌಂಡ್, ಪಾಸ್ ತಪ್ಪಿದರೆ ಎರಡು. ಶಿಕ್ಷೆಯ ಓಟವನ್ನು ಯಾರೂ ಜೋರಾಗಿ ಓಡುವುದಿಲ್ಲ, ಆದಷ್ಟು ಮೈಗಳ್ಳತನದಿಂದ ಮುಗಿಸುತ್ತಾರೆ. ಓಟವೆಂದರೆ ತಪ್ಪಿಸಿಕೊಳ್ಳಬೇಕಾದ ಕೆಲಸ ಎಂದು ಆರು ವರ್ಷ ಕಲಿತ ಆಟಗಾರ್ತಿ ನಾಲ್ಕನೇ ಕ್ವಾರ್ಟರ್‌ನಲ್ಲಿ ತಾನಾಗಿ ಹಿಂದಕ್ಕೆ ಓಡಿ ಡಿಫೆನ್ಸ್ ಮಾಡಬೇಕೆಂದು ಬಯಸುವುದು ವಿಚಿತ್ರ.

ಇನ್ನು ಹುಡುಗಿಯರ ತಂಡಗಳ ಮಟ್ಟಿಗೆ ಓಟಕ್ಕೂ ಮುಂಚಿನ ಒಂದು ಕೆಲಸವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆಯಿದೆ. ಸ್ನಾಯುವಿಗೆ ಆಮ್ಲಜನಕ ಒಯ್ಯುವುದು ರಕ್ತದ ಹಿಮೋಗ್ಲೋಬಿನ್. ಅದೇ ಕಮ್ಮಿಯಿದ್ದರೆ ಎರಡು ಓಟದ ನಡುವಿನ ಚೇತರಿಕೆ ಎಷ್ಟು ಚೆನ್ನಾಗಿ ತರಬೇತಿ ಕೊಟ್ಟರೂ ನಿಧಾನವೇ. ಸೋಮಾರಿ ಎಂದು ಮೇಷ್ಟ್ರು ಬೈದು ಮೂಲೆಗೆ ಕೂರಿಸಿದ ಹುಡುಗಿಯರಲ್ಲಿ ಎಷ್ಟು ಜನರಿಗೆ ಬೇಕಿದ್ದದ್ದು ಕಬ್ಬಿಣಾಂಶವಷ್ಟೇ ಎಂದು ಯಾರು ನೋಡಿದ್ದಾರೆ? ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಸರ್ಕಾರದ ಕಾರ್ಯಕ್ರಮದಲ್ಲಿ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯೂ ಇದೆ. ತಾಲ್ಲೂಕು ಮಟ್ಟದ ಟೂರ್ನಿಗೆ ತಂಡ ಕಟ್ಟುವಾಗ ವಯಸ್ಸಿನ ದಾಖಲೆ ಕೇಳುವ ಇಲಾಖೆ, ಅದರ ಜೊತೆಗೆ ಈ ಪರೀಕ್ಷೆಯನ್ನೂ ಮಾಡಿಸುವಂತೆ ಶಾಲೆಗಳಿಗೆ ಸೂಚಿಸಬಹುದು. ಆಯ್ಕೆಗೆ ಅಡ್ಡಿಯಾಗುವಂತೆ ಅಲ್ಲ, ಟೂರ್ನಿಗೆ ಮೂರು ತಿಂಗಳಿರುವಾಗಲೇ, ಚಿಕಿತ್ಸೆಗೆ ಸಮಯ ಉಳಿಯುವಂತೆ.